ಎಮಿಲ್ ಹ್ರುಷ್ಕನ ಬೆನ್ನಿನ ಗುಣ

ಎಮಿಲ್‌ನ ಹೆಂಡತಿ ಬರ್ನಿಸ್‌ಳ ಅಕ್ಕ ಇರುವುದು ಆರಿಜೋನಾದಲ್ಲಿ. ಅಲ್ಲಿ ಬಿಸಿಲಿಗೆ ಬರವಿಲ್ಲ, ತಂಗಿ ಇರುವ ಟಾಮರ್ ಬೀದಿಯ ಕಟ್ಟುಪಾಡು ಅಲ್ಲಿಯವರಿಗೆ ಗೊತ್ತಿಲ್ಲ. ಹಾಗಾಗಿ ಆಕೆ ತಂಗಿಯ ಗಂಡನಿಗೆ ಕ್ರಿಸ್‌ಮಸ್ ಉಡುಗೊರೆಯೆಂದು ಒಂದು ಅಂಗಿ ಕಳಿಸಿಬಿಟ್ಟಳು. ಹಬ್ಬ ಕಳೆದ ಮೇಲೆ ಬಂದು ಸೇರಿದ ಆ ಪೆಟ್ಟಿಗೆಯನ್ನು ಭಾನುವಾರ ಬೆಳಿಗ್ಗೆ ಬಿಚ್ಚಿದ ಎಮಿಲ್ ಹ್ರುಷ್ಕ, ಒಳಗಿದ್ದುದನ್ನು ನೋಡಿದವನೇ ಹಾವು ಕಂಡವನಂತೆ ಮುಚ್ಚಳ ಮುಚ್ಚಿದ.

ಒಳಗಿದ್ದದ್ದು ಊರಿನ ಸ್ಟೋಕರ್ಸ್ ತಂಡದ ಕೆಂಪು-ಬೂದು ಅಂಗಿ. ಬೆನ್ನ ಮೇಲೆ ಕ್ವಾರ್ಟರ್‌ಬ್ಯಾಕ್ ಡೆಸ್ಮಂಡ್ ಪ್ರೂಯಿಟ್‌ನ ಹೆಸರು.

ಚೆಂಡನ್ನು ಕೈಯಿಂದ ಎಸೆದು ಆಡುವ ಅಮೆರಿಕದ ಫುಟ್ಬಾಲಿನಲ್ಲಿ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಎಂದರೆ ಮನೆಗೆ ಯಜಮಾನನಿದ್ದ ಹಾಗೆ. ಚೆಂಡು ಮೊದಲು ಅವನ ಕೈಗೇ ಬರಬೇಕು, ಯಾರಿಗೆ ಎಸೆಯಬೇಕೆಂದು ಅವನೇ ನಿರ್ಧರಿಸಬೇಕು, ಸೋತರೆ ಬೈಗುಳವನ್ನೂ ಅವನೇ ತಿನ್ನಬೇಕು. ಎರಿ ಸರೋವರದ ದಂಡೆಯ ಈ ಊರಿಗೆ ಉಕ್ಕಿನ ಕುಲುಮೆಗಳಿದ್ದವು, ಹಡಗುಗಳಿದ್ದವು, ಗಟ್ಟಿ ಜನರಿದ್ದರು. ನೆಟ್ಟಗೆ ನಿಲ್ಲುವ ಒಬ್ಬ ಕ್ವಾರ್ಟರ್‌ಬ್ಯಾಕ್ ಮಾತ್ರ ಎಮಿಲ್‌ಗೆ ಮೀಸೆ ಬಂದಾಗಿನಿಂದಲೂ ಸಿಕ್ಕಿರಲಿಲ್ಲ. ಒಬ್ಬನಿಗೆ ಮೊದಲ ಪಂದ್ಯದಲ್ಲೇ ಮಂಡಿ ಹೋಯಿತು. ಇನ್ನೊಬ್ಬ ಚೆನ್ನಾಗಿ ಎಸೆಯುತ್ತಿದ್ದ, ಆದರೆ ಎದುರಾಳಿಗಳಿಗೆ. ಒಬ್ಬ ನಾಯಿಯನ್ನು ವಾಕಿಂಗ್ ಕರೆದೊಯ್ಯುವಾಗ ಮೆಟ್ಟಿಲಿನಿಂದ ಬಿದ್ದ. ಮತ್ತೊಬ್ಬನಿಗೆ ಪಂದ್ಯಗಳ ಋತುವಿನ ನಡುವೆ ದೇವರ ಕರೆ ಬಂದು ಅವನು ಪಾದ್ರಿಯಾದ.

ಇಷ್ಟು ಜನಕ್ಕೂ ಸಮಾನವಾದದ್ದು ಒಂದೇ. ಹೊಸಬ ಬಂದನೆಂದು ಸುದ್ದಿಯಾದ ಕೂಡಲೇ ಎಮಿಲ್ ಅಂಗಡಿಗೆ ಓಡಿ ಅವನ ಹೆಸರಿನ ಅಂಗಿ ಕೊಳ್ಳುತ್ತಿದ್ದ. ಎಮಿಲ್ ಅಂಗಿ ಹಾಕುವುದಕ್ಕೂ ಆ ಹುಡುಗನ ಗ್ರಹಚಾರ ಕೆಡುವುದಕ್ಕೂ ಹೆಚ್ಚು ಅಂತರ ಇರುತ್ತಿರಲಿಲ್ಲ. ಆ ಅಂಗಿಗಳಲ್ಲಿ ಒಂದು ಈಗ ನಾಯಿಯ ಹಾಸಿಗೆ, ಒಂದು ನೆಲಮಾಳಿಗೆಯ ಕಿಟಕಿಗೆ ಪರದೆ, ಮಂಡಿ ಹೋದವನದನ್ನು ಹಾಕಿಕೊಂಡು ಬರ್ನಿಸ್ ಗೋಡೆಗೆ ಬಣ್ಣ ಬಳಿಯುತ್ತಾಳೆ.

ಕೆಲವರಿಗೆ ಕಾಲ್ಗುಣ ಇರುತ್ತದಲ್ಲ, ಎಮಿಲ್‌ನದು ಬೆನ್ನಿನ ಗುಣ ಎಂದು ಬೀದಿಯವರು ತೀರ್ಮಾನಿಸಿದರು. ಪಾದ್ರಿಯಾಗಲು ಹೋದವನ ಪ್ರಕರಣ ಮುಗಿದ ಮೇಲೆ ಎಮಿಲ್‌ನನ್ನು ಚರ್ಚಿನ ಸಭಾಂಗಣಕ್ಕೆ ಎಳೆದೊಯ್ದು, ಇನ್ನು ಮುಂದೆ ತಂಡದ ಅಂಗಿ ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದ್ದರು. ಅಂದಿನಿಂದ ಎಮಿಲ್ ಪಂದ್ಯಕ್ಕೆ ಹೋಗುತ್ತಿದ್ದದ್ದು ಗೋಣಿಚೀಲದ ಬಣ್ಣದ ಒಂದು ಸ್ವೆಟರಿನಲ್ಲಿ. ಸುತ್ತ ಸಾವಿರಾರು ಜನ ಕೆಂಪು-ಬೂದು ಹೊದ್ದು ಕುಳಿತಾಗ ಮದುವೆ ಮನೆಯಲ್ಲಿ ಕರೆಯದೆ ಬಂದವನ ಹಾಗೆ ಅವನು ಮುದುಡಿ ಕೂರುತ್ತಿದ್ದ. ಸ್ಕೂಲ್ ಬಸ್ ಓಡಿಸುವ ಅವನಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ಅವನ ಅಪ್ಪ ಕುಲುಮೆಯ ಕೆಲಸ ಮುಗಿಸಿ, ಮಸಿ ತೊಳೆದು, ಕೆಂಪು-ಬೂದು ಟೋಪಿ ಹಾಕಿ, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಪಂದ್ಯಕ್ಕೆ ಹೋಗುತ್ತಿದ್ದ. ಸ್ಟೋಕರ್ಸ್ ದೊಡ್ಡ ಪಂದ್ಯ ಗೆಲ್ಲುವ ಒಂದು ದಿನ ತಾನೂ ಆ ಬಣ್ಣ ಹೊತ್ತು ನಿಂತಿರಬೇಕು, ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಆ ದಿನ ಇವತ್ತೇ ಇರಬಹುದು. ಪ್ರೂಯಿಟ್ ಬಂದಾಗಿನಿಂದ ತಂಡ ಗೆಲ್ಲುತ್ತಲೇ ಇತ್ತು. ಇವತ್ತು ಮಿಲ್ಟನ್ ಬುಲ್ಸ್ ತಂಡವನ್ನು ಸೋಲಿಸಿದರೆ ಮುಂದಿನ ಸುತ್ತು. ಮುಂದಿನ ಸುತ್ತು ಎಂಬುದನ್ನು ಬೀದಿಯಲ್ಲಿ ಕಣ್ಣಾರೆ ಕಂಡಿದ್ದವಳು ಮುದುಕಿ ಆಗ್ನೆಸಮ್ಮ ಒಬ್ಬಳೇ.

ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಎಮಿಲ್ ಅಂಗಿ ತೊಟ್ಟ. ಕನ್ನಡಿಯಲ್ಲಿ ಒಮ್ಮೆ ನೋಡಿ ತೆಗೆದುಬಿಡುವುದೆಂದು ಅವನ ಲೆಕ್ಕಾಚಾರ. ಅಷ್ಟರಲ್ಲಿ ಕೆಳಗೆ ಟೆಡ್ ಒರ್ಲೋಸ್ಕಿಯ ವ್ಯಾನಿನ ಹಾರ್ನ್ ಕೇಳಿಸಿತು. ಪಕ್ಕದ ಮನೆಯ ಈ ಟೆಡ್, ಆಣೆ ಮಾಡಿಸಿದವರ ಮುಖಂಡ. ಹಾರ್ನ್ ಮಾಡಿ ಸುಮ್ಮನಿರುವ ಪೈಕಿಯೂ ಅಲ್ಲ, ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದ. ಎಮಿಲ್ ಗಾಬರಿಯಿಂದ ಅಂಗಿಯ ಮೇಲೆಯೇ ಸ್ವೆಟರು, ಸ್ವೆಟರಿನ ಮೇಲೆ ಕೋಟು ಏರಿಸಿಕೊಂಡು ಹೊರಬಂದ.

“ಏನೋ, ಒಂದೇ ರಾತ್ರಿಗೆ ದಪ್ಪ ಆಗಿದೀಯ?” ಅಂದ ಟೆಡ್.

“ಹಬ್ಬದ ಊಟ,” ಅಂದ ಎಮಿಲ್.

ಸ್ಟೇಡಿಯಮ್ಮಿನ ಪಕ್ಕದ ವಾಹನ ನಿಲ್ದಾಣದಲ್ಲಿ ಬೀದಿಗೆ ಬೀದಿಯೇ ಪಂದ್ಯಕ್ಕೆ ಮುಂಚಿನ ಊಟಕ್ಕೆಂದು ವ್ಯಾನುಗಳ ಹಿಂಬಾಗಿಲು ತೆರೆದು ಒಲೆ ಹಚ್ಚಿತ್ತು. ಸರೋವರದ ಗಾಳಿ ಮೂಗು ಕತ್ತರಿಸುವಂತಿತ್ತು. ಆದರೆ ಮೂರು ಪದರ ಹೊತ್ತು ಕೆಂಡದ ಪಕ್ಕ ಕುಳಿತ ಎಮಿಲ್‌ನ ಹಣೆಯಿಂದ ಬೆವರು ಇಳಿಯುತ್ತಿತ್ತು. ಕೋಟು ಬಿಚ್ಚೆಂದು ಒಬ್ಬರು, ಜ್ವರವೇನೋ ಎಂದು ಇನ್ನೊಬ್ಬರು. ಯಾರೋ ಸಾಸೇಜು ಕೊಡಲು ಬಂದು, ಗುಂಡಿ ಬಿಚ್ಚಿದ ಕೋಟಿನೊಳಗಿನ ಸ್ವೆಟರಿನ ಮೇಲೆ ಬಟ್ಟಲುಗಟ್ಟಲೆ ಸಾಸಿವೆ ಗೊಜ್ಜು ಚೆಲ್ಲಿದಾಗ ನಾಲ್ಕು ಜನ ಸೇರಿ ಅದನ್ನು ಬಿಚ್ಚಿಸಲು ಬಂದರು. ಎಮಿಲ್ ಹೊಸ ಮದುವಣಗಿತ್ತಿಯಂತೆ ಎರಡೂ ಕೈಯಿಂದ ಎದೆ ಮುಚ್ಚಿಕೊಂಡು, ಸಾಸಿವೆಯ ವಾಸನೆ ತನಗೆ ಇಷ್ಟವೆಂದು ಹೇಳಿ ಪಾರಾದ.

ಪಂದ್ಯ ಶುರುವಾಯಿತು. ಪ್ರೂಯಿಟ್‌ನ ಮೊದಲ ಎಸೆತವೇ ಗಾಳಿಯನ್ನು ಸೀಳಿಕೊಂಡು ಹೋಗಿ ಸ್ಟೋಕರ್ಸ್ ಆಟಗಾರನೊಬ್ಬನ ಎದೆಗೆ ಸೇರಿತು. ಎಮಿಲ್‌ಗೆ ಕಣ್ಣು ತುಂಬಿ ಬಂತು. ಯಾರಿಗೂ ಗೊತ್ತಿಲ್ಲದೆ ತಾನೂ ಆ ಬಣ್ಣದೊಳಗಿದ್ದೇನೆ ಎಂಬ ಹೆಮ್ಮೆಯಿಂದ ಅವನ ಬೆನ್ನು ಎಷ್ಟೋ ವರ್ಷಗಳ ಮೇಲೆ ನೆಟ್ಟಗಾಯಿತು.

ಎರಡನೆಯ ಎಸೆತಕ್ಕೆ ಕೈ ಎತ್ತಿದ ಪ್ರೂಯಿಟ್, ಯಾರೂ ಮುಟ್ಟದೆ, ತನ್ನಷ್ಟಕ್ಕೆ ತಾನೇ ಜಾರಿ ಬಿದ್ದ. ಎದ್ದವನು ಭುಜ ಹಿಡಿದುಕೊಂಡಿದ್ದ. ವೈದ್ಯರು ಅವನನ್ನು ಮೈದಾನದ ಅಂಚಿನ ಡೇರೆಯೊಳಗೆ ಕರೆದೊಯ್ದರು.

ಎಮಿಲ್ ದಡಬಡಿಸಿ ಎದ್ದ. ಹೊಟ್ಟೆ ಸರಿಯಿಲ್ಲವೆಂದು ಹೇಳಿ ಮೆಟ್ಟಿಲಿಳಿದು ಶೌಚಾಲಯಕ್ಕೆ ಓಡಿದ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಮೂಲೆಯಲ್ಲೇ ನಿಂತು ಕೋಟು, ಸ್ವೆಟರು ಕಿತ್ತೆಸೆದ. ಬೆವರಿಗೆ ಮೈಗಂಟಿದ್ದ ಅಂಗಿ ಮಾತ್ರ ಕುತ್ತಿಗೆಯವರೆಗೆ ಬಂದು ತಲೆಗೆ ಸಿಕ್ಕಿಕೊಂಡಿತು. ಕಣ್ಣು ಕಾಣದೆ ಕೈ ಮೇಲೆತ್ತಿ ತಿರುಗುತ್ತಿದ್ದಾಗ ಯಾರೋ ದಯಾಳು ಅಂಗಿಯ ತುದಿ ಹಿಡಿದು ಎಳೆದರು. ತಲೆ ಹೊರಬಂತು. ಎದುರಿಗೆ ಟೆಡ್ ನಿಂತಿದ್ದ, ಕೈಯಲ್ಲಿ ಅಂಗಿ ಹಿಡಿದುಕೊಂಡು.

ಟೆಡ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. “ನಿನ್ನ ಮಗಳ ಮದುವೇಲಿ ನಾನು ಕುಣಿದಿದ್ದೀನಿ ಕಣೋ,” ಎಂದಷ್ಟೇ ಅಂದ.

ಮೆಟ್ಟಿಲ ಕೆಳಗಿನ ಓಣಿಯಲ್ಲಿ ಪಂಚಾಯಿತಿ ಸೇರಿತು. ಅಂಗಿ ಸುಡಬೇಕೆಂದು ಒಬ್ಬರು, ಎಮಿಲ್‌ನನ್ನು ಮನೆಗೆ ಅಟ್ಟಬೇಕೆಂದು ಇನ್ನೊಬ್ಬರು. ಬರಿ ಬನಿಯನ್ನಿನಲ್ಲಿ ನಡುಗುತ್ತ ನಿಂತ ಎಮಿಲ್ ಆರಿಜೋನಾದ ಕಥೆಯನ್ನೆಲ್ಲ ಹೇಳಿದ. ಯಾರ ಮುಖವೂ ಸಡಿಲವಾಗಲಿಲ್ಲ. ಆಗ ಕಂಬಳಿ ಹೊದ್ದ ಆಗ್ನೆಸಮ್ಮ ಕೋಲು ನೆಲಕ್ಕೆ ಕುಟ್ಟಿದಳು.

“ಇವನ ಬೆನ್ನಿಗೆ ಶಕ್ತಿ ಇರೋದು ನಿಜ ತಾನೆ?” ಅಂದಳು.

ನಿಜವೆಂದು ಎಲ್ಲರೂ ಒಪ್ಪಿದರು.

“ಹಾಗಿದ್ರೆ ಇಷ್ಟು ವರ್ಷ ಅದನ್ನ ನಮ್ಮ ಹುಡುಗ್ರ ಮೇಲೆ ಯಾಕೆ ಬಿಟ್ರಿ, ದಡ್ಡರಾ? ಅವರ ಹುಡುಗನ ಮೇಲೆ ಬಿಡ್ರಿ.”

ಎಲ್ಲರೂ ಕತ್ತು ಹೊರಳಿಸಿ ಅತ್ತಿತ್ತ ಹುಡುಕಿದರು. ಬಿಯರಿನ ಸಾಲಿನಲ್ಲಿ ಮಿಲ್ಟನ್‌ನಿಂದ ಬಂದ ದಢೂತಿ ಆಸಾಮಿಯೊಬ್ಬ ನಿಂತಿದ್ದ. ಮೈಮೇಲೆ ಬುಲ್ಸ್‌ನ ಹಸಿರು ಅಂಗಿ, ಬೆನ್ನಿನ ಮೇಲೆ ಅವರ ಕ್ವಾರ್ಟರ್‌ಬ್ಯಾಕ್ ಹ್ಯಾಲೊರನ್‌ನ ಹೆಸರು. ಟೆಡ್ ಹೋಗಿ ಅಂಗಿ ಕೇಳಿದ. ಆಸಾಮಿ ನಕ್ಕ. ಆಗ್ನೆಸಮ್ಮ ಕಂಬಳಿಯೊಳಗೆ ಬಚ್ಚಿಟ್ಟು ತಂದಿದ್ದ ಡಬ್ಬಿ ತೆರೆದಳು. ಆಲೂಗೆಡ್ಡೆ ತುಂಬಿ, ಬೆಣ್ಣೆ ಈರುಳ್ಳಿಯಲ್ಲಿ ಹುರಿದ ಪಿರೋಗಿ ಕಡುಬುಗಳ ಪರಿಮಳ ಎದ್ದಿತು. ಆಸಾಮಿಯ ನಗು ನಿಂತಿತು. ಈ ಚಳಿಯಲ್ಲಿ ತಾನೇನು ಹೊದೆಯಲಿ ಎಂದು ಮಾತ್ರ ಕೇಳಿದ. ಟೆಡ್ ಪ್ರೂಯಿಟ್‌ನ ಅಂಗಿಯನ್ನು ಅವನ ಕೈಗಿಟ್ಟ. ಹೋಗಲಿ, ಅಪಶಕುನವೂ ಮಿಲ್ಟನ್‌ಗೇ ಹೋಗಲಿ ಎಂದು ಅವನ ಯೋಚನೆ.

ಎಲ್ಲ ಕುದುರಿತು. ಕುದುರದಿದ್ದವನು ಎಮಿಲ್ ಒಬ್ಬನೇ.

“ಆಗಲ್ಲ,” ಅಂದ. “ನೀವು ನನ್ನನ್ನ ಮನೆಗೆ ಕಳಿಸಿ, ಬೀದಿಯಿಂದಲೇ ಓಡಿಸಿ. ಅವರ ಬಣ್ಣ ನಾನು ಹಾಕಲ್ಲ. ನಮ್ಮಪ್ಪ ಸಾಯೋವಾಗಲೂ ನಮ್ಮ ಟೋಪಿ ತೆಗೀಲಿಲ್ಲ.”

ಆಗ್ನೆಸಮ್ಮ ಅವನ ಗಲ್ಲ ಹಿಡಿದಳು. “ನಿಮ್ಮಪ್ಪ ನನ್ನ ಗಂಡನ ಪಕ್ಕದಲ್ಲೇ ಕುಲುಮೆ ಮುಂದೆ ನಿಂತವನು, ಮಗಾ. ಅಲ್ಲಿಗೆ ಒಳ್ಳೆ ಬಟ್ಟೆ ಹಾಕ್ಕೊಂಡು ಹೋಗ್ತಿದ್ನೇನು? ಮಸಿ ಹಿಡಿದ ಬಟ್ಟೆ ಹಾಕ್ಕೊಂಡು ಹೋಗ್ತಿದ್ದ, ಯಾಕಂದ್ರೆ ಕೆಲಸ ಅಂಥದ್ದು. ನಿಂಗೂ ಕೆಲಸ ಬಂದಿದೆ. ಹಾಕ್ಕೋ.”

ಎಮಿಲ್ ಕಣ್ಣು ಮುಚ್ಚಿ ಹಾಕಿಕೊಂಡ. ಹ್ಯಾಲೊರನ್‌ನ ಮೂಳೆಗೀಳೆ ಮುರಿಯುವುದು ಬೇಡ, ಸಣ್ಣದೇನಾದರೂ ಆಗಲಿ ಎಂದು ಆಗ್ನೆಸಮ್ಮ ಶಿಲುಬೆಯ ಗುರುತು ಮಾಡಿಕೊಂಡಳು.

ಹಸಿರು ಅಂಗಿಯವನೊಬ್ಬ ಸ್ಟೋಕರ್ಸ್ ಜನದ ನಟ್ಟನಡುವೆ ಬಂದು ಕುಳಿತದ್ದನ್ನು ಕಂಡು ಸುತ್ತಲಿನ ಸಾಲುಗಳು ಕೆರಳಿದವು. ಕಡಲೆಕಾಯಿ ಸಿಪ್ಪೆ ತಲೆಯ ಮೇಲೆ ಬಿತ್ತು, ಬೆನ್ನಿಗೆ ಬಿಯರು ಬಿತ್ತು. ನಲವತ್ತು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತು ಸೋಲು ನುಂಗಿದವನು ತಲೆ ಬಗ್ಗಿಸಿ ಅದನ್ನೂ ಹೊಟ್ಟೆಗೆ ಹಾಕಿಕೊಂಡ.

ಆಗ ಹ್ಯಾಲೊರನ್‌ಗೆ ಬಿಕ್ಕಳಿಕೆ ಶುರುವಾಯಿತು.

ಕ್ವಾರ್ಟರ್‌ಬ್ಯಾಕ್ ಕೂಗಿದ ಮೇಲೆಯೇ ಅವನ ಕಡೆಯವರು ಜಾಗ ಬಿಟ್ಟು ನುಗ್ಗಬೇಕು, ಅದಕ್ಕೆ ಮುಂಚೆ ಅಲುಗಿದರೆ ದಂಡ, ತಂಡವೇ ಐದು ಗಜ ಹಿಂದೆ ಸರಿಯಬೇಕು. ಹ್ಯಾಲೊರನ್ ಬಿಕ್ಕಿದ, ಆ ಗುಂಡುಗುಂಡಾದ ಗಂಡಸರು ಕೂಗೆಂದು ತಿಳಿದು ನುಗ್ಗಿದರು. ದಂಡ ಬಿತ್ತು. ಮತ್ತೆ ಬಿಕ್ಕಿದ, ಮತ್ತೆ ನುಗ್ಗಿದರು. ನೀರು ಕುಡಿಸಿದರು, ಬೆನ್ನು ಗುದ್ದಿದರು, ಮೂಗು ಹಿಡಿದರು. ಬುಲ್ಸ್ ತಂಡ ದಂಡ ತೆತ್ತು ತೆತ್ತು ತನ್ನ ಗೋಡೆಗೆ ಬೆನ್ನು ಹಚ್ಚುವಷ್ಟು ಹಿಂದೆ ಸರಿಯಿತು. ಇತ್ತ ಡೇರೆಯಿಂದ ಪ್ರೂಯಿಟ್ ಭುಜ ಕೊಡವುತ್ತ ಹೊರಬಂದ. ಏನೂ ಆಗಿಲ್ಲವಂತೆ, ಬರೀ ಉಳುಕಂತೆ.

ಸ್ಟೋಕರ್ಸ್ ಗೆದ್ದರು. ಹಾಗೆ ಹೀಗೆ ಗೆದ್ದದ್ದಲ್ಲ, ಊರು ಎದೆ ತಟ್ಟಿಕೊಳ್ಳುವ ಹಾಗೆ ಗೆದ್ದರು. ಊರಿನ ಕುಲುಮೆಗಳು ಆರಿಹೋದರೂ ಸೋತ ಭಾನುವಾರಗಳನ್ನೆಲ್ಲ ಬಿಡದೆ ಕುಳಿತು ನೋಡಿದ ಜನ, ಅಪರಿಚಿತರನ್ನು ತಬ್ಬಿಕೊಂಡು ಅತ್ತರು. ಎಮಿಲ್ ಎಲ್ಲರಿಗಿಂತ ಹೆಚ್ಚು ಅತ್ತ. ಕ್ಯಾಮೆರಾ ಅವನನ್ನೇ ಹುಡುಕಿ ಹಿಡಿದು ದೊಡ್ಡ ಪರದೆಯ ಮೇಲೆ ತೋರಿಸಿತು. ಸೋಲಿನ ದುಃಖ ತಡೆಯಲಾಗದ ಮಿಲ್ಟನ್‌ನ ಅಭಿಮಾನಿ ಎಂದು ವೀಕ್ಷಕ ವಿವರಣೆಗಾರ ಮರುಗಿದ. ಊರಿಗೆ ಊರೇ ಎಮಿಲ್‌ನನ್ನು ನೋಡಿ ಕೇಕೆ ಹಾಕಿತು.

ಟೆಡ್‌ಗೆ ತಡೆಯಲಾಗಲಿಲ್ಲ. ಅವನು ಕ್ಯಾಮೆರಾದವನ ಕೊರಳಪಟ್ಟಿ ಹಿಡಿದು ನಿಲ್ಲಿಸಿ, ಮಂಡಿ ಹೋದವನಿಂದ ಹಿಡಿದು ಬಿಕ್ಕಳಿಕೆಯವರೆಗೆ ಎಲ್ಲವನ್ನೂ ಹೇಳಿದ. ಸಂಜೆಯ ಸುದ್ದಿಯಲ್ಲಿ ಗೆಲುವಿಗಿಂತ ಎಮಿಲ್‌ನ ಬೆನ್ನಿನದೇ ಮಾತು.

ಅಂದು ರಾತ್ರಿ ಚರ್ಚಿನ ಸಭಾಂಗಣದಲ್ಲಿ, ಆಣೆ ಮಾಡಿಸಿದ್ದ ಅದೇ ಜಾಗದಲ್ಲಿ, ಬೀದಿಯವರು ಎಮಿಲ್‌ಗೆ ಊಟ ಹಾಕಿದರು. ಅವನನ್ನು ಪಾದ್ರಿಗಳ ಕುರ್ಚಿಯಲ್ಲಿ ಕೂರಿಸಿದರು. ಬರ್ನಿಸ್ ಎಲ್ಲರಿಗೂ ತನ್ನ ಗಂಡ, ತನ್ನ ಗಂಡ ಎಂದು ಹೇಳಿಕೊಂಡು ಓಡಾಡಿದಳು. ಆಗ ಬಾಗಿಲು ತೆರೆಯಿತು. ತಲೆ ಬಗ್ಗಿಸಿ ಒಳಬಂದವನು ಡೆಸ್ಮಂಡ್ ಪ್ರೂಯಿಟ್. ಕಂಕುಳಲ್ಲಿ ಒಂದು ಪೆಟ್ಟಿಗೆ.

ಎಮಿಲ್ ಕುರ್ಚಿಯಿಂದ ಎದ್ದ. ಕೈ ಕುಲುಕಲೆಂದು ಎರಡೂ ಕೈ ಚಾಚಿದ. ಪ್ರೂಯಿಟ್ ವಿನಯದಿಂದಲೇ ಎರಡು ಹೆಜ್ಜೆ ಹಿಂದೆ ಸರಿದು, ಎಸೆಯುವ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯಿಂದ ಪೆಟ್ಟಿಗೆಯನ್ನು ಮೇಜಿನ ಮೇಲೆ ಎಮಿಲ್ ಕಡೆಗೆ ತಳ್ಳಿದ.

“ನಿಮ್ಮಂಥವರಿಂದಲೇ ಈ ತಂಡ ಉಳಿದಿದೆ ಸರ್,” ಅಂದ. “ಇದು ನಿಮಗೆ. ನಾನೇ ಹೋಗಿ ತಂದೆ.”

ಎಮಿಲ್ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಕೈ ತಪ್ಪಿ ಮಿಲ್ಟನ್‌ಗೆ ಹೋದ ಅಂಗಿ ಈಗ ಅದರ ಒಡೆಯನ ಕೈಯಿಂದಲೇ ಮರಳಿ ಬಂದಿದೆ. ಅಪ್ಪ ಇದ್ದಿದ್ದರೆ ನೋಡಬೇಕಿತ್ತು. ಅವನು ಮುಚ್ಚಳ ತೆಗೆದ.

ಒಳಗಿದ್ದದ್ದು ನಿಂಬೆಹಣ್ಣಿನಂಥ ಹಳದಿ ಅಂಗಿ. ಮುಂದಿನ ಭಾನುವಾರದ ಎದುರಾಳಿಗಳದು. ಬೆನ್ನ ಮೇಲೆ ಅವರ ಕ್ವಾರ್ಟರ್‌ಬ್ಯಾಕ್‌ನ ಹೆಸರು, ಅದರ ಕೆಳಗೆ ಪ್ರೂಯಿಟ್‌ನ ಸಹಿ.

“ನನ್ನದನ್ನ ಮಾತ್ರ ಯಾವತ್ತೂ ಹಾಕ್ಕೋಬೇಡಿ ಸರ್,” ಅಂದ ಪ್ರೂಯಿಟ್ ತಗ್ಗಿದ ದನಿಯಲ್ಲಿ. “ನನ್ನ ಹೆಂಡತಿ ಬಸುರಿ.”

ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಒಳಗಡೆ ನಮ್ಮದೊಂದು ಹಾಕಿಕೊಂಡರೆ ನಡೆದೀತೇ ಎಂದು ಎಮಿಲ್ ಟೆಡ್‌ನ ಕಿವಿಯಲ್ಲಿ ಕೇಳಿದ. ಇನ್ನು ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ತಾನೇ ಬಂದು ತಡವಿ ನೋಡುವುದಾಗಿ ಟೆಡ್ ಅಷ್ಟೇ ಪ್ರೀತಿಯಿಂದ ಉತ್ತರ ಕೊಟ್ಟ.

ಎಮಿಲ್ ಸುತ್ತ ನೋಡಿದ. ಬೀದಿಯ ಜನರೆಲ್ಲ ಕೆಂಪು-ಬೂದು ತೊಟ್ಟು ಹೆಮ್ಮೆಯಿಂದ ಅವನನ್ನೇ ನೋಡುತ್ತಿದ್ದರು. ಹಳದಿ ಅಂಗಿಯನ್ನು ಎತ್ತಿ ತಲೆಯ ಮೇಲಿಂದ ಇಳಿಸಿಕೊಂಡ. ಅಳತೆ ಹೇಳಿ ಮಾಡಿಸಿದ ಹಾಗಿತ್ತು.