ಹುಷಾರ್ ಚಾರ್ಜರ್ ಮತ್ತು ನಮ್ಮ ಮನೆ-ಗಾಡಿ

ಬ್ಯಾಟರಿ ಚಾರ್ಜರ್ ಆರಿಸುವ ವಿದ್ಯೆಯಲ್ಲಿ ನನ್ನನ್ನು ಸೋಲಿಸುವ ಗಂಡಸು ಮಸ್ಕಿ, ಸಿಂಧನೂರು, ಲಿಂಗಸುಗೂರು ಈ ಮೂರೂ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲವೆಂದು ದಸರಾ ರಜೆಗೆ ಮುಂಚೆ ನಾನು ಮನೆಯಲ್ಲಿ ಘೋಷಿಸಿದೆ. ಹೆಂಡತಿ ಸುಕನ್ಯಾ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಸ್ವಲ್ಪ ಜೋರಾಯಿತು.

ಘೋಷಣೆಗೆ ಕಾರಣ ನಮ್ಮ ಮನೆ-ಗಾಡಿ. ನಾನು ಗಂಗಾಧರ, ಮಸ್ಕಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಸುಕನ್ಯಾ ಜವಳಗೇರಾದಲ್ಲಿ ಟೀಚರು. ಇಬ್ಬರೂ ಸೇರಿ ಹಳೆಯ ವ್ಯಾನೊಂದನ್ನು ಕೊಂಡು ಒಳಗೆ ಮಂಚ, ಒಲೆ, ಫ್ಯಾನು, ಲೈಟು ಹಾಕಿಸಿದ್ದೆವು. ಅತ್ತೆ ಬಸ್ಸಮ್ಮನವರಿಗೆ ಸಮುದ್ರ ತೋರಿಸಬೇಕೆಂಬುದು ನಮ್ಮ ಆಸೆ. ದಢೇಸುಗೂರಿನ ಗದ್ದೆಗಳಲ್ಲಿ ಬಗ್ಗಿ ನಾಟಿ ಮಾಡಿ ಮಗಳನ್ನು ಓದಿಸಿದ ಆಕೆ ಹೊಳೆಗಿಂತ ದೊಡ್ಡ ನೀರು ಕಂಡವರಲ್ಲ. ಬಸ್ಸಿನಲ್ಲಿ ಕೂತರೆ ಸೊಂಟ ಹಿಡಿಯುತ್ತದೆ, ಮಲಗಿಕೊಂಡು ಹೋಗುವ ಗಾಡಿಯಾದರೆ ಬರುತ್ತೇನೆ ಎಂದಿದ್ದರು. ಗಾಡಿಯೇನೋ ಸಿದ್ಧವಾಯಿತು. ಆದರೆ ಮಳೆಗಾಲವೆಲ್ಲ ನಿಂತಲ್ಲೇ ನಿಂತಿದ್ದ ಅದು, ಕೀಲಿ ತಿರುಗಿಸಿದರೆ ‘ಟಿಕ್’ ಎಂದು ಸುಮ್ಮನಾಗತೊಡಗಿತು.

ಮೆಕ್ಯಾನಿಕ್ಕನ್ನು ಕರೆಯೋಣವೆಂದಳು ಸುಕನ್ಯಾ. ನನ್ನ ಸ್ವಾಭಿಮಾನ ಎದ್ದು ನಿಂತಿತು. ಕಚೇರಿಗೆ ವರ್ಗವಾಗಿ ಬಂದ ಎಷ್ಟೋ ಸಾಹೇಬರಿಗೆ ಚಾರ್ಜ್ ಕೊಡಿಸಿದವನು ನಾನು, ಒಂದು ಬ್ಯಾಟರಿಗೆ ಚಾರ್ಜ್ ಕೊಡಲಾರೆನೇ!

ಅಂದಿನಿಂದ ಮೊಬೈಲಿನಲ್ಲಿ ನನ್ನ ಅಧ್ಯಯನ ಶುರುವಾಯಿತು. ನಿಧಾನದ ಚಾರ್ಜರ್, ಅವಸರದ ಚಾರ್ಜರ್, ಕಾರಿನದು, ಲಾರಿಯದು, ಮನೆ-ಗಾಡಿಗೆಂದೇ ಮಾಡಿದ್ದು. ಕಂಡ ಕಂಡವರಿಗೆ ವೋಲ್ಟು, ಆಂಪಿಯರುಗಳ ಉಪನ್ಯಾಸ ಕೊಟ್ಟೆ. ಪಕ್ಕದ ಮೇಜಿನ ವಿರೇಶ ಊಟದ ಡಬ್ಬಿ ಸಮೇತ ತನ್ನನ್ನು ತಾನೇ ಬೇರೆ ಕೋಣೆಗೆ ವರ್ಗ ಮಾಡಿಕೊಂಡ.

ಲಿಂಗಸುಗೂರಿನ ಅಂಗಡಿಗಳನ್ನೆಲ್ಲ ಜಾಲಾಡಿ, ಒಂದೂ ನನ್ನ ಯೋಗ್ಯತೆಗೆ ತಕ್ಕದ್ದಲ್ಲವೆಂದು ತೀರ್ಮಾನಿಸಿ, ಸಿಂಧನೂರಿಗೆ ಹೋದೆ. ಅಲ್ಲಿ ಚಾಂದ್‌ಪಾಷಾ ಎಂಬ ಅಂಗಡಿಯವರು ಗಾಡಿ ಯಾವುದು, ಬ್ಯಾಟರಿ ಎಂಥದ್ದು ಎಂದು ಕೇಳಲು ಬಾಯಿ ತೆರೆದರು. ಆ ಬಾಯಿ ಮುಚ್ಚುವಷ್ಟು ಹೊತ್ತು ನಾನು ಮಾತಾಡಿದೆ. ಕೊನೆಗೆ ಅವರು ಬೇಸತ್ತು ಕಪಾಟಿನ ತುದಿಯಿಂದ ಒಂದು ಡಬ್ಬಿ ಇಳಿಸಿದರು.

“ಸಾಹೇಬ್ರ, ಇದು ಭಾಳ ಹುಷಾರ್ ಚಾರ್ಜರ್ ಐತ್ರಿ. ಬ್ಯಾಟರಿಗೆ ಎಷ್ಟು ಬೇಕು ತಾನ ನೋಡ್ತೈತಿ, ತುಂಬಿದ ಮ್ಯಾಲೆ ತಾನ ಬಂದ್ ಆಗ್ತೈತಿ. ನೀವು ಏನೂ ಮಾತಾಡೂದು ಬೇಕಾಗಿಲ್ರಿ.”

ಆ ಕೊನೆಯ ಮಾತಿನ ಅರ್ಥ ನನಗೆ ಹೊಳೆದದ್ದು ಬಸ್ಸು ಹತ್ತಿದ ಮೇಲೆ. ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಚಾರ್ಜರನ್ನು ಮಸ್ಕಿಗೆ ತಂದೆ.

ವ್ಯಾನಿನ ಮಂಚದ ಹಲಗೆ ಎತ್ತಿದರೆ ಕೆಳಗೆ ಬ್ಯಾಟರಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಹಚ್ಚಿ ಸ್ವಿಚ್ ಹಾಕಿದೆ. ಚಾರ್ಜರ್ ಗುಂಯ್ ಎಂದಿತು. ಮರುದಿನ ಬೆಳಿಗ್ಗೆ ಹಸಿರು ದೀಪ! ನಾನು ಓಣಿಯವರನ್ನೆಲ್ಲ ಕರೆದು ಆ ದೀಪವನ್ನು ತೋರಿಸಿದೆ.

ಬಸ್ಸಮ್ಮನವರು ಹೊಸ ಸೀರೆಯುಟ್ಟು ರೊಟ್ಟಿ ಗಂಟಿನೊಂದಿಗೆ ಬಂದು ಮಂಚದ ಮೇಲೆ ಮಲಗಿದರು. ನಾನು ಫ್ಯಾನ್ ಹಾಕಿದೆ, ಬಿರುಗಾಳಿ. ಲೈಟು ಹಾಕಿದೆ, ಮದುವೆ ಮನೆ. ಬೀಳ್ಕೊಡಲು ನೆರೆದವರಿಗೆ ಕೈಬೀಸಿ, ಮಂತ್ರಿಯ ಗತ್ತಿನಲ್ಲಿ ಕೀಲಿ ತಿರುಗಿಸಿದೆ.

ಟಿಕ್.

ಮತ್ತೆ ತಿರುಗಿಸಿದೆ. ಟಿಕ್. ಬೆವರು ಇಳಿಯಿತು. ಚಾರ್ಜರನ್ನು ಬೈದೆ, ಚಾಂದ್‌ಪಾಷಾರನ್ನು ಬೈದೆ, ಗಾಡಿ ಮಾರಿದವನ ವಂಶವನ್ನೇ ಬೈದೆ. ಬೀಳ್ಕೊಡಲು ಬಂದವರೇ ಗಾಡಿಯನ್ನು ಓಣಿಯ ತುದಿಯವರೆಗೂ ತಳ್ಳಿದರು, ಅಲ್ಲಿಂದ ಹಾಗೇ ವಾಪಸ್ಸು ಮನೆಯ ಮುಂದಕ್ಕೂ ತಳ್ಳಿದರು. ಎಂಜಿನ್ ಕೆಮ್ಮಲೂ ಇಲ್ಲ. ಸುಕನ್ಯಾಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವ್ವನಿಗೆ ಸಮುದ್ರ ತೋರಿಸುತ್ತೇನೆಂದು ಆಕೆ ಟೀಚರಾಗಿ ಕೆಲಸಕ್ಕೆ ಸೇರಿದ ದಿನವೇ ಮಾತು ಕೊಟ್ಟಿದ್ದಳು.

ಆಕೆ ಇಳಿದು ಬಂದು, ನನ್ನನ್ನು ಏಳಿಸಿ, ಡ್ರೈವರ್ ಸೀಟನ್ನು ಎತ್ತಿದಳು. ಅಲ್ಲಿ ಧೂಳು ಹೊದ್ದುಕೊಂಡು ಇನ್ನೊಂದು ಬ್ಯಾಟರಿ ಕೂತಿತ್ತು.

“ಗಾಡಿಯಾಗ ಎರಡು ಬ್ಯಾಟರಿ ಅದಾವ್ರಿ. ಮಂಚದ ಕೆಳಗಿಂದು ಫ್ಯಾನಿಗೆ, ಇದು ಎಂಜಿನ್ನಿಗೆ. ಚಾರ್ಜರ್ ಹುಷಾರ್ ಐತಿ, ಖರೆ. ಆದ್ರ ಎಲ್ಲಿ ಹಚ್ಚಬೇಕಂತ ಅದಕ್ಕ ಹೆಂಗ ಗೊತ್ತಾಗಬೇಕು?”

ಹೀಗೆ ಮನೆ-ಗಾಡಿಯ ‘ಮನೆ’ಯನ್ನಷ್ಟೇ ಚಾರ್ಜ್ ಮಾಡಿ ‘ಗಾಡಿ’ಯನ್ನು ಮರೆತಿದ್ದೆ. ಅಷ್ಟರಲ್ಲಿ ತಳ್ಳಾಟದ ತೂಗಾಟಕ್ಕೆ ಗಾಢ ನಿದ್ದೆ ಮಾಡಿದ್ದ ಅತ್ತೆ ಎದ್ದು ಕೂತರು.

“ಅಳಿಯಂದ್ರ, ಸಮುದ್ರ ಬಂತೇನ್ರಿ? ಗಾಳಿ ಭಾಳ ತಂಪ ಬರಾಕತ್ತೈತಿ.”

ಕಿಟಕಿಯಾಚೆ ಎದುರು ಮನೆಯ ಎಮ್ಮೆ ಅವರನ್ನೇ ನೋಡುತ್ತಿತ್ತು. ಸುಕನ್ಯಾ ಮೊದಲು ತುಟಿ ಕಚ್ಚಿದಳು. ಆಮೇಲೆ ನಗು ತಡೆಯಲಾಗದೆ ಚಕ್ರಕ್ಕೆ ಒರಗಿ ಕೂತುಬಿಟ್ಟಳು. ಓಣಿಯೆಲ್ಲ ನಕ್ಕಿತು. ಬೇರೆ ದಾರಿ ಕಾಣದೆ ನಾನೂ ನಕ್ಕೆ.

ಅಂದು ಹಗಲೆಲ್ಲ ಸರಿಯಾದ ಬ್ಯಾಟರಿಗೆ ಚಾರ್ಜರ್ ಹಚ್ಚಿಟ್ಟೆವು. ಹಚ್ಚಿದ್ದು ಸುಕನ್ಯಾ, ನಾನು ವಯರು ಹಿಡಿದಿದ್ದೆ. ಮಾರನೆಯ ಮುಂಜಾನೆ ಕೀಲಿ ತಿರುಗಿಸಿದ್ದೇ ತಡ, ಗಾಡಿ ಗುಡುಗಿತು. ಲಿಂಗಸುಗೂರು ದಾಟುವ ಹೊತ್ತಿಗೆ ಅತ್ತೆ ಹಿಂದಿನಿಂದ, ಕಣದಲ್ಲಿ ರಾಶಿ ಮಾಡುವಾಗ ಹಾಡುವ ಹಂತಿ ಪದ ಗುನುಗುತ್ತಿದ್ದರು.

ಕಾರವಾರದಲ್ಲಿ ಅವರು ಮಗಳ ಕೈ ಹಿಡಿದು ನೀರಿಗಿಳಿದರು. ಅಲೆ ಬಂದು ಕಾಲು ತೊಳೆಯಿತು, ಹೋಯಿತು, ಮತ್ತೆ ಬಂತು. ಅತ್ತೆ ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡು, ಇದು ಹಗಲೂ ರಾತ್ರಿ ಹೀಗೇ ಬಡಿಯುತ್ತದೆಯೇ ಎಂದು ಕೇಳಿದರು. ನನ್ನ ಎದೆ ತಾನಾಗಿ ಉಬ್ಬಿತು. ಚಂದ್ರ, ಅದರ ಸೆಳೆತ, ಭರತ, ಇಳಿತ ಎಂದು ಸವಿಸ್ತಾರವಾಗಿ ವಿವರಿಸಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮಗಳ ಕಡೆ ತಿರುಗಿದರು.

“ಈ ಸಮುದ್ರಕ್ಕ ಚಾರ್ಜರ್ ಆರಿಸಿದವ್ರು ಯಾರಂತ ಕೇಳವ್ವ. ಮುಂದಿನ ಸಲ ಅಳಿಯಂದ್ರು ಅವ್ರನ್ನ ಕರ್ಕೊಂಡು ಅಂಗಡಿಗೆ ಹೋಗ್ಲಿ.”