ಛಾಯಾಸುರನೂ ಎರಡಿಂಚಿನ ಮೊಳೆಯೂ

ಅಮ್ಮಾ ವಿದ್ಯುದ್ದೇವಿ, ತಂತಿಮಾರ್ಗಸಂಚಾರಿಣಿ, ಕಂಬಾಗ್ರನಿವಾಸಿನಿ, ಬೇಸಿಗೆಯಲ್ಲಿ ಹೇಳದೆ ಹೋಗಿ ಮಳೆಗಾಲದಲ್ಲಿ ಕೇಳದೆ ಹೋಗುವ ಚಂಚಲೆ, ಈ ಕಥೆ ಮುಗಿಯುವ ತನಕವಾದರೂ ಒಂದು ಕಡೆ ನಿಲ್ಲು ತಾಯಿ. ಆಮೇಲೆ ನಿನ್ನಿಷ್ಟ. ನಾನು ಹಾಡಹೊರಟಿರುವುದು ಮಹಾಸಮರವೊಂದನ್ನು. ನಡುವೆ ನೀನು ಕೈಕೊಟ್ಟರೆ ನನ್ನ ನಾಯಕನ ಗತಿ ಏನಾಗಬೇಕು, ನನ್ನ ಗತಿ ಏನಾಗಬೇಕು?

ಮೂರು ಯುಗಗಳು ಕಳೆದು, ನಾಲ್ಕನೆಯದಾದ ಈ ಕಲಿಯುಗದಲ್ಲಿ, ಗುಂಡುಬಲ್ಬುಗಳ ಪ್ರಾಚೀನವಂಶವು ಅಸ್ತಂಗತವಾಗಿ ಎಲ್‌ಇಡಿಗಳ ಶ್ವೇತಕುಲವು ಸಿಂಹಾಸನವನ್ನೇರಿದ ಕಾಲದಲ್ಲಿ, ಬೀರೂರೆಂಬ ರೈಲುಸಂಗಮಕ್ಷೇತ್ರದ ಹಳೇಪೇಟೆಯಲ್ಲಿ ಗವಿರಂಗಯ್ಯನೆಂಬ ಮಹಾಪುರುಷನಿದ್ದನು. ಸಾಮಾನ್ಯನೇ ಅವನು? ರಕ್ತವರ್ಣಶಕಟಾರೂಢನು, ಸೀಟಿನಾದಕಂಪಿತದಿಗ್ದಂತಿಯು, ಚಿಲ್ಲರೆಪ್ರದಾನಪರಾಙ್ಮುಖನು. ಅಂದರೆ ಆಯುಷ್ಯವೆಲ್ಲ ಕೆಂಪು ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದವನು. ಎರಡು ರೂಪಾಯಿ ವಾಪಸು ಕೇಳಿದವರನ್ನು ಅವನು ನೋಡುತ್ತಿದ್ದ ನೋಟಕ್ಕೆ ಎಷ್ಟೋ ಜನ ಆ ಹಣವನ್ನು ದೇವರಿಗೆ ಬಿಟ್ಟಂತೆ ಬಿಟ್ಟು ಇಳಿದುಹೋಗಿದ್ದಾರೆ. ಅವರಲ್ಲಿ ನಾನೂ ಒಬ್ಬ, ಇರಲಿ.

ನಿವೃತ್ತಿಯ ನಂತರ ಈ ವೀರನು ಹಿತ್ತಲ ಕೋಣೆಯನ್ನು ಕಾರ್ಯಾಗಾರವಾಗಿ ಮಾಡಿಕೊಂಡು ಹಾರ್ಮೋನಿಯಂ ರಿಪೇರಿಗೆ ಕೂತನು. ಈ ವಿದ್ಯೆಯನ್ನು ಅವನು ರಜಾದಿನಗಳಲ್ಲಿ ಕಡೂರಿನ ಶಾಮಾಚಾರ್ ಮೇಷ್ಟ್ರ ಹತ್ತಿರ ಕಲಿತಿದ್ದನು. ಮೇಷ್ಟ್ರು ಕಲಿಸಿದ ಮೊದಲ ಪಾಠ, ವಾದ್ಯದ ಕೆಲಸಕ್ಕೆ ಪೂರ್ವಕ್ಕೆ ಮುಖಮಾಡಿಯೇ ಕೂರಬೇಕು ಎಂಬುದು. ಮೇಷ್ಟ್ರ ಕೋಣೆಗೆ ಕಿಟಕಿ ಇದ್ದದ್ದು ಪೂರ್ವಕ್ಕೆ, ಬೆಳಕು ಬರುತ್ತಿದ್ದದ್ದು ಅಲ್ಲಿಂದ, ಅದಕ್ಕೇ ಹಾಗೆ ಅಂದಿರಬೇಕು ಅಂತ ನನ್ನ ಅನುಮಾನ. ಆದರೆ ಶಿಷ್ಯನಿಗೆ ಅದು ವೇದವಾಕ್ಯ. ತನ್ನ ಕೋಣೆಯ ಪೂರ್ವದಲ್ಲಿ ಕಿಟಕಿಯಿಲ್ಲ, ಬರೀ ಗೋಡೆಯಿದೆ ಎಂಬುದು ಅವನಿಗೆ ಒಂದು ಕ್ಷಣವೂ ಅಡ್ಡಿಯಾಗಲಿಲ್ಲ. ಗೋಡೆಗೆ ಮೂಗು ಕೊಟ್ಟು ಕೂತನು.

ಆ ಗೋಡೆಯ ಚರಿತ್ರೆಯನ್ನು ಇಲ್ಲಿ ಹೇಳಲೇಬೇಕು. ಅದರ ಆಚೆಗಿರುವುದು ಅವನ ಒಡಹುಟ್ಟಿದ ಅಣ್ಣ, ತಾರಸ್ಥಾಯಿಸಿಂಹ, ಭಜನಮಂಡಳೀಮಕುಟಮಣಿ ದೊಡ್ಡತಿಮ್ಮಯ್ಯನ ಮನೆ. ಅಪ್ಪನ ಮನೆ ಪಾಲಾದಾಗ ನಡುವೆ ಎದ್ದದ್ದು ಅರ್ಧ ಇಟ್ಟಿಗೆ ದಪ್ಪದ ಬಡಕಲು ಗೋಡೆ. ಅದು ಒಣಗುವ ಮುಂಚೆಯೇ ದೊಡ್ಡತಿಮ್ಮಯ್ಯನು ಅವ್ವನ ಫೋಟೋ ತೂಗುಹಾಕಲೆಂದು ಆಚೆಯಿಂದ ಒಂದು ಮೊಳೆ ಹೊಡೆದನು. ಈಚೆಯಿಂದ ಅಂಗೈಯಗಲ ಗಾರೆ ಕಳಚಿ, ಯುಗಾದಿಯ ಹೋಳಿಗೆಗೆಂದು ರುಬ್ಬಿಟ್ಟಿದ್ದ ಹೂರಣದಲ್ಲಿ ನೆಟ್ಟಗೆ ಬಿತ್ತು. ಆಗ ಗವಿರಂಗಯ್ಯನು ಬಸ್ಸಿನ ಹಿಂಬಾಗಿಲಿಂದ ಡ್ರೈವರಿಗೆ ಕೇಳುವ ಗಂಟಲಲ್ಲಿ ನಾಲ್ಕು ಮಾತಾಡಿದನು. ಅಣ್ಣನು ತಾರಸ್ಥಾಯಿಯಲ್ಲಿ ಎಂಟು ಮಾತಾಡಿದನು. ಬೀದಿಯ ಹಿರಿಯರು ಸೇರಿ, ಇನ್ನು ಮುಂದೆ ಈ ಗೋಡೆಗೆ ಆಚೆಯವರಾಗಲಿ ಈಚೆಯವರಾಗಲಿ ಮೊಳೆ ಹೊಡೆಯಕೂಡದೆಂದು ತೀರ್ಮಾನ ಕೊಟ್ಟರು. ಇಬ್ಬರೂ ಕರ್ಪೂರ ಮುಟ್ಟಿ ಆಣೆಯಿಟ್ಟರು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಹೆಂಗಸರು ಮಾತ್ರ ಹಿತ್ತಲ ಕಾಂಪೌಂಡಿನ ಮೇಲಿಂದ ಸಾರು ಪಲ್ಯ ದಾಟಿಸಿಕೊಂಡು ತಮ್ಮ ಪಾಡಿಗೆ ತಾವು ಚೆನ್ನಾಗಿದ್ದರು.

ಹೀಗಿರಲಾಗಿ, ಒಂದು ಸೋಮವಾರ ಭಜನಾ ಮಂಡಳಿಯವರು ಹಾರ್ಮೋನಿಯಂ ಪೆಟ್ಟಿಗೆಯೊಂದನ್ನು ಹೊತ್ತು ತಂದು ಗವಿರಂಗಯ್ಯನ ಮುಂದಿಟ್ಟರು. ಯಾರು ನುಡಿಸುವ ಪೆಟ್ಟಿಗೆ ಎಂದು ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಕೇಳುವುದೇನಿದೆ, ಅಣ್ಣನ ಬೆರಳು ಸವೆಸಿದ ಸ್ವರದ ಮನೆಗಳು ಅವನಿಗೆ ಗೊತ್ತಿಲ್ಲವೇ? ಅದರೊಳಗೆ ಒಂದು ಸ್ವರದ ಹಿತ್ತಾಳೆ ನಾಲಿಗೆ ಕೆಟ್ಟಿತ್ತು. ಒತ್ತಿದರೆ ನೆಗಡಿಯಾದವರಂತೆ ಗೊರಗುಟ್ಟುತ್ತಿತ್ತು. ಹಿಂದಿನ ಶನಿವಾರ ಆಂಜನೇಯನ ಗುಡಿಯಲ್ಲಿ ದೊಡ್ಡತಿಮ್ಮಯ್ಯನು ಪೆಟ್ಟಿಗೆಯಿಲ್ಲದೆ ಹಾಡಲು ಹೋಗಿ, ಶ್ರುತಿ ತಪ್ಪಿ ಮೇಲೆತ್ತಿಕೊಂಡು, ಚರಣದ ಹೊತ್ತಿಗೆ ಕೆಮ್ಮಿ ಕೂತುಬಿಟ್ಟಿದ್ದನು. ಹಿಂದೆ ಕೂತಿದ್ದ ಕೆಲವರು ನಕ್ಕರು. ಗುಡಿಯ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ, ಯಾರಿಗೂ ಕಾಣದಂತೆ ನಿಂತು ಕೇಳುತ್ತಿದ್ದ ಗವಿರಂಗಯ್ಯನು ಆ ನಗು ಕೇಳಿದವನೇ ಚಪ್ಪಲಿ ಮೆಟ್ಟಿ ಹೊರಟುಬಿಟ್ಟನು. ಮನೆಗೆ ಬಂದು ಊಟ ಮಾಡಲಿಲ್ಲ. ಈಗ ಮಂಡಳಿಯವರು ಹೋಗುತ್ತ ಹೋಗುತ್ತ ಒಂದು ಮಾತು ಹೇಳಿದರು: ಈ ಶನಿವಾರಕ್ಕೆ ಪೆಟ್ಟಿಗೆ ಸಿದ್ಧವಾಗದಿದ್ದರೆ ತರೀಕೆರೆಯಿಂದ ಕೀಬೋರ್ಡಿನವನೊಬ್ಬನನ್ನು ಗೊತ್ತುಮಾಡುತ್ತಾರಂತೆ, ಅವನು ಹಾಡುವುದನ್ನೂ ಹಾಡುತ್ತಾನಂತೆ. ಅಲ್ಲಿಗೆ ಅಣ್ಣನ ಜಾಗ ಹೋದಂತೆಯೇ.

ಗವಿರಂಗಯ್ಯನು ಪಂಚೆ ಎತ್ತಿ ಕಟ್ಟಿ ಯುದ್ಧಕ್ಕಿಳಿದನು. ಹಿತ್ತಾಳೆಯ ಆ ನಾಲಿಗೆ ಬೇವಿನೆಲೆಗಿಂತ ಸಣ್ಣದು. ಅದನ್ನು ಒಂದಿಷ್ಟೇ ಇಷ್ಟು ಹೆರೆದರೆ ಸ್ವರ ಸರಿಹೋಗುತ್ತದೆ, ಕೂದಲೆಳೆಯಷ್ಟು ಹೆಚ್ಚಾದರೆ ಸತ್ತೇಹೋಗುತ್ತದೆ. ಕಣ್ಣಿಗೆ ಕಾಣದೆ ಮುಟ್ಟುವ ಹಾಗಿಲ್ಲ. ಅವನು ಬಗ್ಗಿದನು. ಬಗ್ಗಿದ ತಕ್ಷಣ, ಎಲ್ಲಿಂದಲೋ ಕವಿದುಬಂದನಯ್ಯಾ ಛಾಯಾಸುರನು! ಬೋಳುಮಸ್ತಕವಿರಾಜಿತನು, ವಿಶಾಲಕರ್ಣದ್ವಯನು, ಸಕಲಸೂಕ್ಷ್ಮವಸ್ತುಭಕ್ಷಕನು. ಪೆಟ್ಟಿಗೆ, ನಾಲಿಗೆ, ಸೂಜಿ, ಎಲ್ಲವೂ ಅವನ ಕಪ್ಪು ಬಾಯೊಳಗೆ ಮುಳುಗಿಹೋದವು. ಬಲ್ಬು ಇದ್ದದ್ದು ಪಶ್ಚಿಮದ ಬಾಗಿಲ ಮೇಲೆ, ನಾಯಕನ ಬೆನ್ನ ಹಿಂದೆ. ಆ ದೈತ್ಯನು ಬೇರಾರೂ ಅಲ್ಲ, ಅವನದೇ ತಲೆಯ ನೆರಳು.

ಬಲ್ಬು ಮಂದವಾಯಿತೆಂದು ನಾಯಕನು ನಿರ್ಧರಿಸಿದನು. ಮಂಗಳವಾರ ಆ ಬಲ್ಬು ಕಿತ್ತು ದಪ್ಪ ಬಲ್ಬು ಹಾಕಿದನು. ಛಾಯಾಸುರನು ಇನ್ನಷ್ಟು ಕಪ್ಪಾದನು. ದಪ್ಪ ಬಲ್ಬಿನ ಪಕ್ಕ ಟ್ಯೂಬ್‌ಲೈಟೊಂದನ್ನು ಏರಿಸಿದನು. ಒಬ್ಬ ಅಸುರನಿದ್ದಲ್ಲಿ ಇಬ್ಬರಾದರು. ಕೋಣೆ ಮದುವೆಮನೆಯ ಹಾಗೆ ಝಗಮಗಿಸುತ್ತಿತ್ತು, ಮೇಜಿನ ಮೇಲೆ ಮಾತ್ರ ಅಮಾವಾಸ್ಯೆ. ಮಾಡಿನ ತೊಲೆಗೆ ಉದ್ದ ವೈರು ಕಟ್ಟಿ ಬಲ್ಬನ್ನು ಮುಂದಕ್ಕೆ ಇಳಿಬಿಟ್ಟರೆ, ಹಿತ್ತಲ ಗಾಳಿಗೆ ಅದು ತೂಗಾಡಿ ಅಸುರರು ಕುಣಿಯತೊಡಗಿದರು. ಬಾಗಿಲು ಹಾಕೋಣವೆಂದರೆ ತಗಡಿನ ಮಾಡಿನ ಕೆಳಗೆ ಮನುಷ್ಯ ಬೆಂದೇಹೋಗಬೇಕು. ಮೇಜಿನ ದೀಪ ತಂದನು. ಹಾರ್ಮೋನಿಯಂ ತಿದಿ ಒತ್ತಿದಾಗಲೆಲ್ಲ ಮೇಜು ಅಲುಗಿ ಆ ದೀಪ ಮುಂದಕ್ಕೆ ನಮಸ್ಕಾರ ಹಾಕಿ ಬೀಳುತ್ತಿತ್ತು. ಕಡೆಗೆ ಬ್ಯಾಟರಿಯನ್ನು ಟವೆಲಿನಿಂದ ಹಣೆಗೆ ಬಿಗಿದುಕೊಂಡು ಕೂತನು. ಅದು ಜಾರಿ ಮೂಗಿನ ಮೇಲೆ ಬಂತು. ಹಾಲು ಕೊಡಲು ಬಂದ ಹುಡುಗಿ ಆ ಅವತಾರ ನೋಡಿ ಹಾಲನ್ನು ಹೊಸಿಲಲ್ಲೇ ಇಟ್ಟು ಓಡಿದಳು.

ಗುರುವಾರ ಸಂಜೆಯ ಹೊತ್ತಿಗೆ ನಾಯಕನ ಹೆಂಡತಿ, ಧೈರ್ಯಮೇರು, ಸಾರಸಂದೇಶವಾಹಿನಿ ಪುಟ್ಟನರಸಮ್ಮನು ರಣಾಂಗಣಕ್ಕೆ ಪ್ರವೇಶಿಸಿದಳು. ಅವಳು ಬಂದದ್ದು ಕಾಫಿ ಲೋಟ ತೊಗೊಂಡು ಹೋಗಲು. ಮೇಜನ್ನು ಪಶ್ಚಿಮಕ್ಕೆ ತಿರುಗಿಸಿ ಎಂದಳು. ಮೇಷ್ಟ್ರ ಮಾತು ಮೀರುವಂತಿಲ್ಲ ಎಂದನು. ಹಾಗಾದರೆ ಎದುರಿನ ಗೋಡೆಗೊಂದು ಮೊಳೆ ಹೊಡೆದು ಬಲ್ಬು ತೂಗುಹಾಕಿ, ಮುಗೀತು ಎಂದಳು.

ಆಗ ಗವಿರಂಗಯ್ಯನು ಎದ್ದು ನಿಂತು, ಬ್ಯಾಟರಿಯನ್ನು ಮತ್ತೆ ಹಣೆಗೇರಿಸಿಕೊಂಡು, ಮೇಘಗಂಭೀರಸ್ವರದಿಂದ ಇಂತೆಂದನು:

“ಎಲೈ ಪುಟ್ಟನರಸಮ್ಮ, ಕೇಳು. ಘಾಟಿಯ ತಿರುವಿನಲ್ಲಿ ಬ್ರೇಕು ಫೇಲಾದಾಗ ಅಂಜದವನು ನಾನು. ಜಾತ್ರೆಯ ದಿನ ಬಸ್ಸಿನ ಟಾಪಿನ ಮೇಲೆ ಹತ್ತಿ ಟಿಕೆಟ್ಟು ಹರಿದವನು ನಾನು. ಆದರೆ ಆ ಗೋಡೆಯನ್ನು ಮುಟ್ಟೆ. ಕರ್ಪೂರದ ಮೇಲೆ ಕೈಯಿಟ್ಟು ಆಣೆ ಮಾಡಿದ್ದೇನೆ. ಸೂರ್ಯನು ಪಶ್ಚಿಮದಲ್ಲಿ ಹುಟ್ಟಿದರೂ ಹುಟ್ಟಲಿ, ಕೊನೆಯ ಬಸ್ಸು ಹೇಳಿದ ಹೊತ್ತಿಗೆ ಬಂದರೂ ಬರಲಿ, ಗವಿರಂಗಯ್ಯ ಆಡಿದ ಮಾತಿಗೆ ತಪ್ಪುವವನಲ್ಲ.”

ಪುಟ್ಟನರಸಮ್ಮ ಲೋಟ ಎತ್ತಿಕೊಂಡಳು.

“ಸರಿ, ಆಣೆ ಇಟ್ಕೊಂಡು ಕೂತಿರಿ,” ಎಂದಳು. “ಶನಿವಾರ ಆ ಕೀಬೋರ್ಡಿನವನು ಬಂದು ಹಾಡ್ತಾನೆ. ಭಾವ ಜಗಲಿ ಮೇಲೆ ಕೂತು ಚಪ್ಪಾಳೆ ತಟ್ತಾರೆ. ನೀವು ಚಪ್ಪಲಿ ಹತ್ರ ನಿಂತು ಕೇಳ್ಕೊಳ್ಳಿ.”

ಚಪ್ಪಲಿಯ ವಿಷಯ ಅವಳಿಗೆ ಗೊತ್ತೆಂಬುದು ಅವನಿಗೆ ಗೊತ್ತಿರಲಿಲ್ಲ. ಬಾಣ ನೇರ ಎದೆಗೆ ನಾಟಿತು. ಅವನು ಆ ರಾತ್ರಿ ಗೋಡೆ ಕಡೆ ಮುಖ ಮಾಡಿ ಮಲಗಿದನು. ಆಚೆಯಿಂದ ಅಣ್ಣನು ಮೆಲ್ಲಗೆ, ಗಂಟಲು ಸರಿಮಾಡಿಕೊಂಡು, ಮತ್ತೆ ಮತ್ತೆ ಅದೇ ಚರಣ ಹಾಡಿಕೊಳ್ಳುವುದು ಕೇಳಿಸುತ್ತಿತ್ತು. ಪಾಪ, ಅದೇ ಜಾಗದಲ್ಲಿ ತಪ್ಪುತ್ತಿದ್ದನು. ಶ್ರುತಿಯಿಲ್ಲದೆ ಏನು ಮಾಡಿಯಾನು? ಗವಿರಂಗಯ್ಯನಿಗೆ ತಡೆಯಲಾಗಲಿಲ್ಲ.

ಶುಕ್ರವಾರ ಸಂಜೆ, ಇಸ್ತ್ರಿಯಾದ ಅಂಗಿ ತೊಟ್ಟು, ತಲೆಗೆ ನೀರು ಹಚ್ಚಿ ಇಲ್ಲದ ಕೂದಲನ್ನು ಬಾಚಿ, ಮಹಾವೀರನು ಅಣ್ಣನ ಮನೆಯ ಕಡೆಗೆ ದಂಡಯಾತ್ರೆ ಹೊರಟನು. ಎರಡು ಮನೆಗಳ ಬಾಗಿಲಿನ ನಡುವೆ ಇರುವುದು ಒಂದು ತುಳಸಿಕಟ್ಟೆ, ಒಂದು ನಲ್ಲಿ. ಆದರೂ ಆ ದಾರಿಯನ್ನು ಅವನು ಕ್ರಮಿಸಿದ ಬಗೆಯನ್ನು ಹೇಳಲು ನನಗೆ ಸಾವಿರ ನಾಲಿಗೆ ಸಾಲದು. ಬಲಗೈಯಲ್ಲಿ ಸುತ್ತಿಗೆ ಹಾಗೇ ಉಳಿದುಬಿಟ್ಟಿತ್ತು, ಅದು ಅವನಿಗೇ ತಿಳಿದಿರಲಿಲ್ಲ. ತಿಳಿದದ್ದು ಬೀದಿಗೆ. ತಮ್ಮ ಸುತ್ತಿಗೆ ಹಿಡಿದು ಅಣ್ಣನ ಮನೆಗೆ ಹೊರಟಿದ್ದಾನೆ ಎಂಬ ಸುದ್ದಿ ನಲ್ಲಿಯಿಂದ ಬೀದಿಯ ಕೊನೆಯವರೆಗೂ ಹರಿದು, ನೀರು ಹಿಡಿಯುವವರು ಕೊಡ ತುಂಬಿ ಹೊರಚೆಲ್ಲಿದರೂ ಅಲುಗದೆ ನಿಂತರು. ಹಿಂದೆ ತೀರ್ಮಾನ ಕೊಟ್ಟ ಹಿರಿಯರೊಬ್ಬರು ಮತ್ತೊಂದು ತೀರ್ಮಾನ ಕೊಡಬೇಕಾದೀತೆಂದು ಒಳಗೆ ಹೋಗಿ ಶಲ್ಯ ಹಾಕಿಕೊಂಡು ಬಂದರು.

ದೊಡ್ಡತಿಮ್ಮಯ್ಯನು ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದನು. ತಲೆಯೆತ್ತಿ ತಮ್ಮನನ್ನು ನೋಡಿದನು. ಸುತ್ತಿಗೆಯನ್ನೂ ನೋಡಿದನು. ಒಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದನು.

ಗವಿರಂಗಯ್ಯನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತೊಂದಿತ್ತು. ಅಪ್ಪನಿಂದ ಶುರುವಾಗಿ, ಪಾಲು, ಹೂರಣ, ಕರ್ಪೂರ, ಕೀಬೋರ್ಡು ಎಲ್ಲವನ್ನೂ ಮುಟ್ಟಿಕೊಂಡು, ಕೊನೆಗೆ ಅವ್ವನಲ್ಲಿಗೆ ಬಂದು ನಿಲ್ಲುವ ಭಾರೀ ಮಾತು. ಬಾಯಿ ತೆರೆದಾಗ ಅದರಲ್ಲಿ ಒಂದಕ್ಷರವೂ ಉಳಿದಿರಲಿಲ್ಲ.

“ಗೋಡೆಗೊಂದು ಮೊಳೆ ಹೊಡೀಬೇಕು,” ಎಂದನು.

ದೊಡ್ಡತಿಮ್ಮಯ್ಯ ಇನ್ನೊಂದು ಕಾಯಿ ಕೈಗೆತ್ತಿಕೊಂಡನು.

“ಎಷ್ಟುದ್ದದ್ದು?”

“ಎರಡಿಂಚು.”

ಅಣ್ಣನು ಯೋಚಿಸಿದನು. ಬೀದಿಯೆಲ್ಲ ಉಸಿರು ಬಿಗಿಹಿಡಿದು ನಿಂತಿತ್ತು.

“ಅರ್ಧ ಇಟ್ಟಿಗೆ ಗೋಡೆ ಕಣೋ ಅದು, ಈ ಕಡೆ ಗಾರೆ ಉದುರುತ್ತೆ,” ಎಂದನು. “ನೀನು ಹೊಡಿ. ನಾನು ಈ ಕಡೆಯಿಂದ ಕೈ ಒತ್ತಿ ಹಿಡ್ಕೋತೀನಿ.”

ಎದ್ದು ಪಂಚೆ ಕೊಡವಿಕೊಂಡು ಒಳಗೆ ಹೋದನು. ಇಷ್ಟೇನಾ ಎಂದು ಬೀದಿ ಬೈದುಕೊಂಡು ತನ್ನ ಕೊಡ ಎತ್ತಿಕೊಂಡಿತು. ಶಲ್ಯದ ಹಿರಿಯರಿಗೆ ಬೇಜಾರಾಯಿತು.

ಮುಂದಿನದೆಲ್ಲ ಕಾರ್ಯಾಗಾರದಲ್ಲಿ ನಡೆಯಿತು. ಪುಟ್ಟನರಸಮ್ಮನು ಗೋಡೆಯ ಬುಡಕ್ಕೆ ಹಳೇ ಸೀರೆ ಹಾಸಿದಳು. ಗವಿರಂಗಯ್ಯನು ಪೂರ್ವದಿಕ್ಕಿಗೆ ಕೈಮುಗಿದು, ಮೊಳೆಯಿಟ್ಟು, ಸುತ್ತಿಗೆಯನ್ನು ಮೇಲೆತ್ತಿದನು. ಏಟಿಗೆ ದಿಕ್ಕುಗಳು ಮೊಳಗಿದವು, ಮಾಡಿನ ಮೇಲಿನ ಪಾರಿವಾಳಗಳು ಹಾರಿದವು, ಮೊಳೆ ಬಗ್ಗಿತು. ಇನ್ನೊಂದು ತಂದನು. ಇದು ನೆಟ್ಟಗೆ ಇಳಿಯಿತು. ಒಂದು ಚೂರು ಗಾರೆ ಕೂಡ ಬೀಳಲಿಲ್ಲ.

ಉದ್ದ ವೈರಿನ ಬಲ್ಬನ್ನು ಮೊಳೆಗೆ ಸಿಕ್ಕಿಸಿ ಸ್ವಿಚ್ಚು ಹಾಕಿದ ಕೂಡಲೇ ಛಾಯಾಸುರನು ಮೇಜು ಬಿಟ್ಟು ಗವಿರಂಗಯ್ಯನ ಬೆನ್ನ ಹಿಂದಕ್ಕೆ ಓಡಿದನು. ಮೇಜಿನ ಮೇಲೆ ಬೆಳಕೇ ಬೆಳಕು. ಕೆರೆಯುವ ಸೂಜಿ ಹಿಡಿದು ನಾಯಕನು ಬಗ್ಗಿ ನೋಡಿದನು. ನೋಡಿದರೆ ಕೆರೆಯುವಂಥದ್ದೇನೂ ಇಲ್ಲ. ಹಿತ್ತಾಳೆ ನಾಲಿಗೆಯ ಸಂದಿಯಲ್ಲಿ, ಯಾವುದೋ ಶನಿವಾರದ ಪ್ರಸಾದದ್ದು, ಮಂಡಕ್ಕಿಯ ಒಂದು ಚೂರು ಸಿಕ್ಕಿಕೊಂಡಿತ್ತು. ಇದಕ್ಕಾಗಿ ದಪ್ಪ ಬಲ್ಬು, ಟ್ಯೂಬ್‌ಲೈಟು, ಮೇಜಿನ ದೀಪ, ಹಣೆಯ ಬ್ಯಾಟರಿ! ಗವಿರಂಗಯ್ಯನು ಸೂಜಿಯ ತುದಿಯಿಂದ ಅದನ್ನು ಹಾರಿಸಿ, ಯಾರೂ ನೋಡುವ ಮುಂಚೆ ಒರೆಸಿ, ತಿದಿ ಒತ್ತಿ ಆ ಸ್ವರದ ಮನೆಯ ಮೇಲೆ ಬೆರಳಿಟ್ಟನು. ಸ್ವರ ತುಂಬಿಕೊಂಡು ಬಂತು. ಅವನು ಅಲ್ಲಿಂದಲೇ, ಅಣ್ಣ ತಪ್ಪುತ್ತಿದ್ದ ಆ ಚರಣದ ಶುರುವನ್ನು ಒಮ್ಮೆ ಮೆಲ್ಲಗೆ ನುಡಿಸಿದನು. ಆಚೆಯಿಂದ ಅಣ್ಣನು, ಈ ಸಲ ತಪ್ಪದೆ, ಅರ್ಧ ಸಾಲು ಗುನುಗಿದನು.

ಪುಟ್ಟನರಸಮ್ಮನು ಸೀರೆ ಮಡಚಿಕೊಂಡು ಹೋದಳು. ಗವಿರಂಗಯ್ಯನ ಕಣ್ಣು ಒದ್ದೆಯಾಗಿತ್ತು. ಹೊಸ ಬಲ್ಬಿನ ಬೆಳಕು ಜಾಸ್ತಿ ಎಂದು ಅವನು ತನಗೆ ತಾನೇ ಹೇಳಿಕೊಂಡನು.

ಆಗ ಗೋಡೆಯಾಚೆಯಿಂದ ದೊಡ್ಡತಿಮ್ಮಯ್ಯನ ಧ್ವನಿ ಬಂತು.

“ಆಯ್ತೇನೋ? ಕೈ ತೆಗೀಲಾ?”

ಅಷ್ಟು ಹೊತ್ತೂ ಅವನು ಆ ಕಡೆ ಗೋಡೆಗೆ ಕೈ ಒತ್ತಿಕೊಂಡೇ ನಿಂತಿದ್ದನು. ಗವಿರಂಗಯ್ಯನು ಮೊಳೆಯನ್ನು ನೋಡಿದನು. ಅದು ಆಗಲೇ ಗಟ್ಟಿಯಾಗಿ ಕೂತಿತ್ತು, ಬಲ್ಬು ಅಲುಗುತ್ತಿರಲಿಲ್ಲ.

“ಇನ್ನೊಂದು ಚೂರು ಹಿಡ್ಕೊಂಡಿರಣ್ಣ,” ಎಂದು ಹೇಳಿ, ತನ್ನ ಅಂಗೈಯನ್ನೂ ಈ ಕಡೆಯಿಂದ ಗೋಡೆಗೆ ಒತ್ತಿ ನಿಂತನು.