ಮೈನಸ್ ಹೊತ್ತ ಹೆಸರುಗಳು

ನಮ್ಮ ಮನೆಯಲ್ಲಿ ನಡೆಯುವುದೇ ಲೋಕದ ಪದ್ಧತಿ ಎಂಬ ನಂಬಿಕೆ ನನಗೆ ಹುಟ್ಟಿನಿಂದ ಬಂದದ್ದು. ಎಂಬತ್ತರ ದಶಕದ ಕೊನೆಯಲ್ಲಿ ರಾಜಾಜಿನಗರದ ಪಂಪು ಕಾರ್ಖಾನೆಯೊಂದರ ಕಂಪ್ಯೂಟರ್ ಕೋಣೆಗೆ ಸೇರಿದಾಗಲೂ ಅದನ್ನು ಜೊತೆಗೇ ಒಯ್ದಿದ್ದೆ. ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ಅಲ್ಲಿನ ಯಂತ್ರಕ್ಕೆ ನಾನೊಂದು ಶೆಲ್ ಸ್ಕ್ರಿಪ್ಟ್ ಬರೆದೆ. ಅಂದರೆ ಸಾಲಾಗಿ ಅಪ್ಪಣೆಗಳನ್ನು ಬರೆದಿಟ್ಟ ಚೀಟಿ. ದಿನಾ ಬೆಳಿಗ್ಗೆ ಅದು ಕೆಲಸಗಾರನ ಹೆಸರು, ಅದೇ ಸಾಲಿನಲ್ಲಿ ಅವನ ಪಾಳಿ, ಹೀಗೆ ಪಟ್ಟಿ ಅಚ್ಚುಹಾಕುತ್ತಿತ್ತು. "ಯುನಿಕ್ಸ್ ಇರೋ ಕಡೆಯೆಲ್ಲ ಓಡುತ್ತೆ ಸಾರ್" ಎಂದು ಮ್ಯಾನೇಜರ್‌ಗೆ ಹೇಳಿಯೂಬಿಟ್ಟೆ. "ಹಾಗಾದ್ರೆ ನಮ್ಮ ಕೆಂಗೇರಿ ಶಾಖೇಲಿ ಓಡಿಸಿ ತೋರ್ಸಿ. ಆಮೇಲೆ ನಿಮ್ಮ ಕೆಲಸ ಖಾಯಂ ಮಾಡೋಣ" ಎಂದರು.

ಕೆಂಗೇರಿಯ ಯಂತ್ರವೂ ಯುನಿಕ್ಸೇ, ಬೇರೆ ಕಂಪನಿಯದು. ಓಡಿಸಿದೆ; ಬಂದ ಪಟ್ಟಿಯನ್ನು ನೋಡದೆ ಗೇಟಿಗೆ ಅಂಟಿಸಿದೆ. ಹತ್ತು ನಿಮಿಷವಾದರೂ ಜನ ಹೊರಗೇ ನಿಂತಿದ್ದರು. ದಾವಣಗೆರೆ ಕಡೆಯ ಫಿಟ್ಟರ್ ಶಿವರುದ್ರಪ್ಪ ನನ್ನನ್ನು ಕರೆದ.

"ಸಾರ್, ಎಲ್ರ ಹೆಸರಿನ ಮುಂದೂ ಮೈನಸ್ ಹಾಕೀರಲ್ಲ. ನಮ್ಮನ್ನ ಕಳೆದ್ರೇನು?"

"ಅಯ್ಯೋ, ಇಲ್ಲ ಕಣ್ರೀ. ಅದು ಮೈನಸ್ ಎನ್. ಹೆಸರಾದ ಮೇಲೆ ಸಾಲು ಮುರೀಬೇಡ ಅಂತ ಯಂತ್ರಕ್ಕೆ ಹೇಳಿದ್ದು."

"ಅದಕ್ಕ ಹೇಳಿದ್ದನ್ನ ಅದು ನಮಗ್ಯಾಕ ಹೇಳ್ತು?"

ಒಳಗೆ ಹೋಗಿ ಯಂತ್ರದ ಕೈಪಿಡಿ ತೆಗೆದೆ. ರಾಜಾಜಿನಗರದ ಯಂತ್ರ "-n" ಅನ್ನು ಸನ್ನೆಯೆಂದು ತಿಳಿದು ಬಾಯಿ ಮುಚ್ಚಿಕೊಂಡಿರುತ್ತಿತ್ತು. ಕೆಂಗೇರಿಯದು ಅದನ್ನೂ ಅಚ್ಚುಹಾಕಿ, ಸಾಲನ್ನೂ ಮುರಿದಿತ್ತು. ಅದಕ್ಕೆ ಬೇಕಾಗಿದ್ದ ಸನ್ನೆ ಬೇರೆ, ಹೆಸರಿನ ಕೊನೆಗೆ ಬಾಲದಂತೆ "\c". ತಿದ್ದಿದೆ, ಜನ ಒಳಗೆ ಬಂದರು. ಅದನ್ನೇ ರಾಜಾಜಿನಗರಕ್ಕೆ ತಂದರೆ ಅಲ್ಲಿನವರ ಹೆಸರಿಗೆಲ್ಲ ಬಾಲ ಮೂಡಿತು.

ಎರಡು ಯಂತ್ರಕ್ಕೂ ಹೊಂದುವ ದಾರಿ ತೋರಿಸಿದವನು ಶಿವರುದ್ರಪ್ಪನೇ ಎಂದು ನೆನಪು. ಕಥೆ ಚೆನ್ನಾಗಿ ಕೂರಲಿ ಎಂದು ನೆನಪೇ ಅವನನ್ನು ಅಲ್ಲಿ ತಂದು ನಿಲ್ಲಿಸಿರಲೂಬಹುದು. "ಗೊತ್ತಿಲ್ಲದ ಮನೀಗೆ ಹೋದ್ರ ಮೊದ್ಲು ಒಂದು ಮಾತಾಡಿ ನೋಡ್ತೀವಲ್ರೀ" ಎಂದಿದ್ದ. ಹಾಗೆಯೇ ಮಾಡಿದೆ. ಸ್ಕ್ರಿಪ್ಟ್ ಮೊದಲು ಗುಟ್ಟಾಗಿ "-n" ಎಂದು ಉಸುರುತ್ತದೆ. ಯಂತ್ರ ಅದನ್ನೇ ತಿರುಗಿ ಹೇಳಿದರೆ ಬಾಲ, ಸುಮ್ಮನಿದ್ದರೆ ಮೈನಸ್. ಎರಡೂ ಕಡೆ ಓಡಿತು.

ಕೆಲಸ ಖಾಯಂ ಆಯಿತು, ಕೆಂಗೇರಿಯಲ್ಲಿ. "ಎಲ್ಲಿ ಬೇಕಾದ್ರೂ ಓಡೋದನ್ನ ಬರೆದೋರು ನೀವು, ನಿಮಗೇನು ಕಷ್ಟ" ಎಂದರು ಮ್ಯಾನೇಜರ್. ಮೊದಲ ದಿನ ಶಿವರುದ್ರಪ್ಪ ತನ್ನ ಬುತ್ತಿಯ ರೊಟ್ಟಿ, ಕೆಂಪು ಚಟ್ನಿ ಮುಂದಿಟ್ಟ. ನಮ್ಮ ಮನೆಯ ಚಟ್ನಿಯಂತೆಯೇ ದೊಡ್ಡ ತುತ್ತಿಗೆ ಮೆತ್ತಿ ಬಾಯಿಗಿಟ್ಟೆ.

"ನಾಲಿಗಿಗೆ ಹಚ್ಚಿ ನೋಡಬಾರದೇನ್ರೀ ಸಾರ್" ಎಂದು ಅವನು ನೀರಿನ ಲೋಟ ತಳ್ಳಿದ.